ಒಂಬತ್ತು ವರ್ಷ ಇನ್

ನನ್ನ ಗಂಡ ಮನೆ ಬಿಟ್ಟು ಹೋಗಿ ಒಂಬತ್ತು ವರ್ಷವಾಗಿತ್ತು. ಹಾಗಂತ ಯಾರ ಹತ್ತಿರವೂ ಹೇಳುವಂತಿರಲಿಲ್ಲ, ಯಾಕೆಂದರೆ ಅವರು ಮನೆಯಲ್ಲೇ ಇದ್ದರು. ಬಾಗಿಲ ಪಕ್ಕದ ಹಲಗೆಯಲ್ಲಿ ತಿಪ್ಪೇಸ್ವಾಮಿ ಎಂಬ ಹೆಸರಿನ ಮುಂದೆ ಇನ್ ಅಂತಿತ್ತು. ನೀವು ನಮ್ಮೂರಿನವರಲ್ಲ, ನಿಮಗೆ ಇದು ತಮಾಷೆಯಾಗಿ ಕಾಣಬಹುದು. ಕಾಣಲಿ. ಆ ತಮಾಷೆಗೆ ಎರಡು ಹೊತ್ತೂ ತಟ್ಟೆ ಹಾಕಿ ಬಡಿಸಿದವಳು ನಾನು.

ನಮ್ಮೂರಿನ ಪ್ರತಿ ಮನೆಗೂ ಒಂದು ಹಲಗೆ ಇದೆ. ಬಾಗಿಲ ಬಲಕ್ಕೆ, ಭುಜದೆತ್ತರದಲ್ಲಿ ಹೊಡೆದಿರುತ್ತಾರೆ. ಮನೆಯವರ ಹೆಸರು ಒಂದರ ಕೆಳಗೊಂದು, ಪ್ರತಿ ಹೆಸರಿನ ಮುಂದೆ ಇಂಗ್ಲಿಷ್ ಅಕ್ಷರದಲ್ಲಿ ಇನ್, ಔಟ್ ಎಂಬ ಎರಡು ಪದ, ಅವುಗಳ ಮೇಲೆ ಅತ್ತಿತ್ತ ಜಾರುವ ಒಂದು ಮರದ ಬಿಲ್ಲೆ. ಬಿಲ್ಲೆಯನ್ನು ಬಲಕ್ಕೆ ತಳ್ಳಿದರೆ ಔಟ್ ಮುಚ್ಚಿಕೊಂಡು ಇನ್ ಕಾಣುತ್ತದೆ, ಎಡಕ್ಕೆ ತಳ್ಳಿದರೆ ಇನ್ ಮುಚ್ಚಿಕೊಂಡು ಔಟ್ ಕಾಣುತ್ತದೆ. ಊರಿಗೆಲ್ಲ ಬರುವ ಇಂಗ್ಲಿಷ್ ಅಂದರೆ ಇವೆರಡೇ ಪದ. ಅಆಇಈ ಬರದ ಸೊಪ್ಪಿನ ಅಜ್ಜಿಯೂ ದೂರದಿಂದಲೇ ಓದುತ್ತಾಳೆ. ಮಗುವಿಗೆ ಹೆಸರಿಟ್ಟ ದಿನ ಅದರ ಪುಟ್ಟ ಬೆರಳು ಹಿಡಿದು ಮೊದಲ ಸಲ ಬಿಲ್ಲೆ ತಳ್ಳಿಸುತ್ತೇವೆ, ಸತ್ತವರ ಬಿಲ್ಲೆಯನ್ನು ಕಿತ್ತು ಕೆರೆಗೆ ಬಿಡುತ್ತೇವೆ. ನಡುವೆ ಇರುವುದೆಲ್ಲ ಒಂದೋ ಇನ್, ಇಲ್ಲವೇ ಔಟ್.

ಒಮ್ಮೆ ಬೇರೆ ಊರಿನಿಂದ ವರ್ಗವಾಗಿ ಬಂದ ಮೇಷ್ಟ್ರೊಬ್ಬರು ಇದಕ್ಕೆ ತಲೆ ಕೆಡಿಸಿಕೊಂಡರು. "ಇನ್ ಅಂದ್ರೆ ಒಳಗೆ, ಔಟ್ ಅಂದ್ರೆ ಹೊರಗೆ. ಇಷ್ಟೇ ಕಣ್ರೋ!" ಎಂದು ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆದರಂತೆ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕವು. ಒಳಗೆ ಹೊರಗೆ ಅನ್ನುವುದು ಮೈಯ ವಿಷಯ. ಅದನ್ನು ಕಣ್ಣಿದ್ದವರೆಲ್ಲ ನೋಡಬಹುದು. ಇನ್ ಔಟ್ ಅನ್ನುವುದು ಮನುಷ್ಯನ ವಿಷಯ. ಅದನ್ನು ಹಲಗೆಯೇ ಹೇಳಬೇಕು. ಆರು ತಿಂಗಳು ಕಳೆಯುವುದರೊಳಗೆ ಅದೇ ಮೇಷ್ಟ್ರು ಹೆಂಡತಿಯ ಅಣ್ಣ ಬರುತ್ತಾನೆಂದು ಗೊತ್ತಾದ ಕೂಡಲೇ ಬಿಲ್ಲೆ ಎಡಕ್ಕೆ ತಳ್ಳಿ, ಪಡಸಾಲೆಯಲ್ಲೇ ಕೂತು ಪೇಪರ್ ಓದುವಷ್ಟು ಪಳಗಿದರು. ಭಾವಮೈದ ಎದುರಿಗೇ ಕೂತು ಕಾಫಿ ಕುಡಿದು, "ಭಾವ ಬಂದ್ರೆ ನಾನ್ ಬಂದಿದ್ದೆ ಅಂತ ಹೇಳು" ಎಂದು ತಂಗಿಗೆ ಹೇಳಿ ಹೋದನಂತೆ.

ಅನುಕೂಲವೂ ಇದೆ, ಇಲ್ಲವೆಂದಲ್ಲ. ನಮ್ಮ ಎದುರು ಮನೆಯ ಹನುಮಕ್ಕ ದಿನಾ ಮಧ್ಯಾಹ್ನ ಔಟ್ ಆಗಿ ಜಗಲಿಯ ಮೇಲೆ ಕಾಲು ಚಾಚಿ ಗೊರಕೆ ಹೊಡೆಯುತ್ತಾಳೆ. ಸೊಸೆ ಬಾಗಿಲಲ್ಲೇ ನಿಂತು ಬಂದವರಿಗೆ, "ಅತ್ತೆ ಇಲ್ಲ, ಸಂಜೆ ಬರ್ತಾರೆ" ಅನ್ನುತ್ತಾಳೆ. ಔಟ್ ಆದವರನ್ನು ಅವರ ಮನೆಯ ಹತ್ತಿರ ಮಾತಾಡಿಸುವಂತಿಲ್ಲ. ಬೀದಿಯ ಕೊನೆಯವರೆಗೆ ಹೋಗಿ ಬರುವುದಾದರೆ ಬಿಲ್ಲೆ ಮುಟ್ಟಬೇಕಿಲ್ಲ. ಅದಕ್ಕಿಂತ ದೂರ ಹೋದವರು ವಾಪಸ್ಸು ಬಂದಾಗ ಹೊಸ್ತಿಲ ಆಚೆ ನಿಲ್ಲಬೇಕು. ಇನ್ ಇರುವವರು ಯಾರಾದರೂ ಒಳಗಿನಿಂದ ಬಂದು, "ಎಲ್ಲಿಗೆ ಹೋಗಿದ್ದೆ?" ಎಂದು ಕೇಳಬೇಕು. ಇವರು ಹೇಳಬೇಕು, ಬಿಲ್ಲೆ ತಳ್ಳಬೇಕು, ಒಳಗೆ ಬರಬೇಕು. ಸಂಜೆಯಾದರೆ ಬೀದಿಯ ಎಲ್ಲಾ ಬಾಗಿಲುಗಳಿಂದಲೂ ಇದೇ ಕೇಳುತ್ತದೆ. ಎಲ್ಲಿಗೆ ಹೋಗಿದ್ದೆ? ಗಿರಣಿಗೆ. ಎಲ್ಲಿಗೆ ಹೋಗಿದ್ರಿ? ಕ್ಷೌರಕ್ಕೆ. ಒಂಬತ್ತು ವರ್ಷ ನಾನು ಈ ಪ್ರಶ್ನೆಯನ್ನು ಬೇರೆಯವರ ಬಾಯಲ್ಲಿ ಕೇಳಿ ಕೇಳಿ ಒಳಗೊಳಗೇ ಉರಿದಿದ್ದೇನೆ.

ಇನ್ನೊಂದು ಮಾತು. ಅವರವರ ಬಿಲ್ಲೆಯನ್ನು ಅವರವರೇ ತಳ್ಳಬೇಕು. ಇನ್ನೊಬ್ಬರ ಕೈ ತಗುಲಿತೋ, ಹಲಗೆ ಗುಮಾಸ್ತರು ಬಂದು ಆ ಮನೆಯ ಹಲಗೆಯನ್ನೇ ಒಂದು ವರ್ಷ ಕಿತ್ತುಕೊಂಡು ಹೋಗುತ್ತಾರೆ. ಹಲಗೆಯಿಲ್ಲದ ಮನೆಯವರು ಇನ್ ಕೂಡ ಅಲ್ಲ, ಔಟ್ ಕೂಡ ಅಲ್ಲ; ಅಂಗಡಿಯವನು ಸಾಮಾನು ಕೊಡುವುದಿಲ್ಲ, ಸ್ಕೂಲಿನಲ್ಲಿ ಹಾಜರಿ ಕೂಗುವುದಿಲ್ಲ. ಅಂಥ ಒಂದು ಮನೆಯವರು ಮೂರನೇ ತಿಂಗಳಿಗೆ ಊರನ್ನೇ ಬಿಟ್ಟರು. ಹೊರಡುವಾಗಲೂ ಅವರನ್ನು ಯಾರೂ ಮಾತಾಡಿಸಲಿಲ್ಲ.

ನನ್ನ ಗಂಡ ಹೋದದ್ದು ಒಂದು ಭಾನುವಾರ ಬೆಳಗ್ಗೆ. ಅವರದು ಮೋಟಾರು ಕಟ್ಟುವ ಕೆಲಸ, ಅಂದರೆ ಸುಟ್ಟುಹೋದ ಮೋಟಾರಿನ ಹಳೆಯ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತುವುದು. ಮನೆಯ ಪಡಸಾಲೆಯೇ ಅಂಗಡಿ. ಹಿಟ್ಟಿನ ಗಿರಣಿಯ ಮೋಟಾರನ್ನು ಅರ್ಧ ಬಿಚ್ಚಿಟ್ಟು ಎದ್ದರು. "ಬೀಡಿ ತಗೊಂಡು ಬರ್ತೀನಿ" ಅಂದರು. ಬೀಡಿ ಅಂಗಡಿ ಬೀದಿಯ ಕೊನೆಯಲ್ಲಿದೆ. ಬಿಲ್ಲೆ ಯಾಕೆ ಮುಟ್ಟುತ್ತಾರೆ? ನಾನೂ ತಲೆಯೆತ್ತಿ ನೋಡಲಿಲ್ಲ, ಕನಕಳ ತಲೆಯಲ್ಲಿ ಹೇನು ಹುಡುಕುತ್ತಿದ್ದೆ. ನಮ್ಮ ಮಗಳಿಗೆ ಆಗ ಆರು ವರ್ಷ.

ಮಧ್ಯಾಹ್ನದವರೆಗೆ ಕಾದೆ. ಬಸ್ ಸ್ಟ್ಯಾಂಡಿಗೆ ಓಡಿದೆ. ಟಿಕೆಟ್ ಕೊಡುವವನು, "ಹಲಗೇಲಿ ಏನಿದೆ ಅಕ್ಕ?" ಎಂದ. ಇನ್ ಅಂತಿದೆ ಅಂದೆ. "ಹಂಗಾದ್ರೆ ಮನೇಲೇ ನೋಡಿ, ಇಲ್ಲ್ಯಾಕೆ ಹುಡುಕ್ತೀರಾ?" ಠಾಣೆಗೆ ಹೋದೆ. ದಫೇದಾರರು ಒಳ್ಳೆಯವರೇ, ಕೂರಿಸಿ ನೀರು ಕೊಟ್ಟರು. ಇನ್ ಇರುವ ಗಂಡಸನ್ನು ಕಾಣೆಯಾಗಿದ್ದಾನೆ ಅಂತ ಹೇಗಮ್ಮ ಬರೆದುಕೊಳ್ಳೋದು, ನೀನೇ ಹೇಳು, ಎಂದರು. ನಾನೇನು ಹೇಳಲಿ! ಮನೆಗೆ ಬಂದೆ. ಹನುಮಕ್ಕ ಜಗಲಿಯಿಂದ, "ತಿಪ್ಪೇಸ್ವಾಮಣ್ಣ ಊಟ ಮಾಡ್ತಾ?" ಅಂದಳು. ಅವಳಿಗೆ ಎಲ್ಲಾ ಗೊತ್ತಿತ್ತು, ಬೆಳಗ್ಗೆ ಅವರು ಹೋಗಿದ್ದನ್ನು ಕಣ್ಣಾರೆ ನೋಡಿದ್ದಳು. ಆದರೂ ಹಾಗೇ ಕೇಳಿದಳು. ನಾನೂ, "ಹ್ಞೂಂ, ಮಾಡಿದ್ರು" ಅಂದೆ. ಆ ಒಂದು ಹ್ಞೂಂ ನನ್ನ ಕತ್ತಿಗೆ ಬಿತ್ತು.

ಹೋದವನಿಗಾದರೆ ಕಾಯಬಹುದು, ಅಳಬಹುದು, ಬಾಯಿಗೆ ಬಂದಂತೆ ಬೈಯಬಹುದು. ಮನೆಯಲ್ಲೇ ಇರುವ ಗಂಡನಿಗೆ ಕಾಯುವುದು ಹೇಗೆ? ಇನ್ ಇದ್ದವರಿಗೆಲ್ಲ ಬಡಿಸಬೇಕು, ಅದು ಪದ್ಧತಿ. ಹಾಗಾಗಿ ಅವರ ಮಣೆ ಹಾಕಿ, ತಟ್ಟೆ ಇಟ್ಟು, ಮುದ್ದೆ ಸಾರು ಬಡಿಸುತ್ತಿದ್ದೆ. ಕನಕ ಸಣ್ಣವಳಿದ್ದಾಗ ಆ ಖಾಲಿ ಮಣೆಗೆ ಸ್ಕೂಲಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಹನ್ನೊಂದು ತುಂಬುವ ಹೊತ್ತಿಗೆ ನಿಲ್ಲಿಸಿದಳು. ಯಾಕೆ ಅಂತ ನಾನು ಕೇಳಲಿಲ್ಲ, ನನಗೆ ಧೈರ್ಯವಿರಲಿಲ್ಲ. ಆ ತಟ್ಟೆಯ ಊಟ ಎಸೆಯಲು ಮನಸ್ಸು ಬಾರದೆ ನಾನೇ ತಿನ್ನುತ್ತಿದ್ದೆ. ಈಗ ನನ್ನ ರವಿಕೆ ಒಂದೂ ಆಗುವುದಿಲ್ಲ, ಅದಕ್ಕೂ ಅವರೇ ಕಾರಣ.

ಗಿರಣಿಯವನು ಮೂರನೇ ದಿನ ಬಂದು, "ಸ್ವಾಮಣ್ಣ ಮೋಟಾರು ಮುಗಿಸ್ತಾ?" ಎಂದ. ಇನ್ ಇರುವ ಮನುಷ್ಯ ಕೆಲಸ ಮಾಡಲೇಬೇಕಲ್ಲ! ನಾಳೆ ಬಾ ಅಂದೆ. ಬಾಗಿಲು ಹಾಕಿಕೊಂಡು ಆ ಮೋಟಾರಿನ ಮುಂದೆ ಕೂತೆ. ಹೆಂಡತಿಗೆ ಏನು ಗೊತ್ತು ಅನ್ನಬೇಡಿ. ನಮ್ಮವರಿಗೆ ಕೈಚಳಕ ಇತ್ತು, ಎಣಿಕೆ ಬರುತ್ತಿರಲಿಲ್ಲ. ನಲವತ್ತು ಸುತ್ತಿಗೆಲ್ಲ ಮನಸ್ಸು ಎಲ್ಲೋ ಹೋಗಿಬಿಡುತ್ತಿತ್ತು. ಮದುವೆಯಾದಂದಿನಿಂದ ಅವರು ಸುತ್ತುವಾಗ ಪಕ್ಕದಲ್ಲಿ ಕೂತು ಎಣಿಸಿದವಳು ನಾನೇ. ಯಾವ ಮೋಟಾರಿಗೆ ಎಷ್ಟು ಸುತ್ತು ಅನ್ನುವುದು ನನ್ನ ಬಾಯಲ್ಲಿತ್ತು, ಕೈಗೆ ಬರಬೇಕಿತ್ತು ಅಷ್ಟೇ. ಮೊದಲನೆಯದು ನಾಲ್ಕು ದಿನಕ್ಕೆ ಸುಟ್ಟಿತು. ಎರಡನೆಯದು ಹತ್ತು ದಿನಕ್ಕೆ. ಮೂರನೆಯದು ಓಡಿತು, ಈಗಲೂ ಓಡುತ್ತಿದೆ. "ತಿಪ್ಪೇಸ್ವಾಮಿ ಕೈ ಪಳಗ್ತು ನೋಡ್ರಿ" ಎಂದು ಊರು ಮಾತಾಡಿತು. ವರ್ಷ ಕಳೆಯುವುದರೊಳಗೆ ಸುತ್ತಮುತ್ತಲ ಊರುಗಳಿಂದಲೂ ಮೋಟಾರು ಬರತೊಡಗಿದವು. ತಂತಿ ತರಲು ಪೇಟೆಗೆ ಹೋಗಿ ಬಂದರೆ ಕನಕ ಹೊಸ್ತಿಲಲ್ಲಿ, "ಎಲ್ಲಿಗೆ ಹೋಗಿದ್ದೆ ಅಮ್ಮ?" ಎಂದು ಕೇಳುತ್ತಿದ್ದಳು. "ನಿಮ್ಮಪ್ಪನಿಗೆ ತಂತಿ ತರೋಕೆ" ಅನ್ನುತ್ತಿದ್ದೆ. ಬೆರಳ ತುದಿಯೆಲ್ಲ ಸೀಳಿದ್ದು ನನ್ನದು, ವಾರ್ನಿಷ್ ವಾಸನೆ ನನ್ನ ಸೆರಗಿನದು, ಹೆಸರು ಮಾತ್ರ ಅವರದು.

ಹೀಗಿರುವಾಗ ಒಂದು ಬುಧವಾರ ಕೆರೆಯ ಪಕ್ಕದ ಪಂಪ್‌ಹೌಸಿನ ದೊಡ್ಡ ಮೋಟಾರು ಸುಟ್ಟಿತು. ಊರಿನ ನಲ್ಲಿಗಳೆಲ್ಲ ನಿಂತವು. ಶುಕ್ರವಾರ ಹಲಗೆ ಗುಮಾಸ್ತ ಪಾಲಾಕ್ಷಯ್ಯನವರು ಬಂದರು. ಪ್ರತಿ ಮಂಗಳವಾರ ಪುಸ್ತಕ ಹಿಡಿದು ಮನೆಮನೆಯ ಬಿಲ್ಲೆ ನೋಡಿಕೊಂಡು ಹೋಗುವ ಮನುಷ್ಯ ಶುಕ್ರವಾರ ಬಂದದ್ದು ನೋಡಿ ಬಾಗಿಲಿಗೆ ಓಡಿಬಂದೆ.

"ಪುರಸಭೆಯವರು ಕಳ್ಸಿದಾರೆ ಕಣಮ್ಮ. ಸೋಮವಾರ ತಿಪ್ಪೇಸ್ವಾಮಿ ಪಂಪ್‌ಹೌಸಿಗೆ ಬಂದು ಮೋಟಾರು ಕಟ್ಬೇಕು. ಓಡಿಸಿಕೊಟ್ರೆ ಅಲ್ಲೇ ಖಾಯಂ ಮೆಕ್ಯಾನಿಕ್ ಮಾಡ್ಕೊಳ್ತಾರಂತೆ. ಅದೃಷ್ಟ ನಿಮ್ದು!"

ಎಷ್ಟು ವರ್ಷ ಅಂತ ನುಂಗುವುದು? ಹೇಳಿಬಿಟ್ಟೆ. "ಗುಮಾಸ್ತರೇ, ಈ ಮೋಟಾರೆಲ್ಲ ಕಟ್ಟಿದ್ದು ನಾನು."

"ನೀನು ಕಟ್ಟಿದ್ರೆ ತಿಪ್ಪೇಸ್ವಾಮಿ ಏನ್ ಮಾಡ್ತಿದ್ದ?"

"ಅವರು ಇಲ್ಲ."

ಪಾಲಾಕ್ಷಯ್ಯ ಕನ್ನಡಕ ಮೇಲೆ ಮಾಡಿ ಹಲಗೆ ನೋಡಿದರು. "ಇನ್ ಅಂತಿದೆಯಲ್ಲ ತಾಯಿ."

"ಇನ್ ಇದೆ. ಆದ್ರೆ ಅವರಿಲ್ಲ."

"ಅದೇನು ಹಾಗಂದ್ರೆ?" ಎಂದರು. ಬೇಕೆಂದು ಕೇಳಿದ್ದಲ್ಲ, ಪಾಪ, ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಆಮೇಲೆ ಧ್ವನಿ ತಗ್ಗಿಸಿ, "ಗಂಡನ ಜೊತೆ ಜಗಳವೇನಮ್ಮ? ಇರ್ಲಿ ಬಿಡು. ಸೋಮವಾರ ಹತ್ತು ಗಂಟೆಗೆ ನಾನೇ ಬಂದು ಕರ್ಕೊಂಡು ಹೋಗ್ತೀನಿ. ಅವ್ನು ಬರದೇ ಹೋದ್ರೆ ಬೇರೆ ಊರಿಂದ ಯಾರನ್ನಾದ್ರೂ ತರಿಸ್ತಾರೆ, ಆಮೇಲೆ ಇಲ್ಲಿಗ್ಯಾರು ಮೋಟಾರು ತರ್ತಾರೆ?" ಎಂದು ಹೋದರು.

ಆ ಸಂಜೆ ನಾನು ಕೂತಲ್ಲಿ ಕೂರಲಿಲ್ಲ. ಬಾಗಿಲಿಗೆ ಹೋಗುವುದು, ಆ ಬಿಲ್ಲೆ ನೋಡುವುದು, ವಾಪಸ್ಸು ಬರುವುದು. ಒಂಬತ್ತು ವರ್ಷದ ಧೂಳು ಕೂತು ಅದರ ಅಂಚು ಹಲಗೆಗೆ ಅಂಟಿಕೊಂಡಿತ್ತು. ಒಂದು ಬೆರಳು ಸಾಕಿತ್ತು. ಎರಡನೇ ವರ್ಷ ಒಮ್ಮೆ ಬೆರಳಿಟ್ಟೂ ಇದ್ದೆ, ಹಿಂದಿನಿಂದ ಕನಕ, "ಅಮ್ಮಾ ಬೇಡ, ನನ್ನ ಹಾಜರಿ ಕೂಗಲ್ಲ" ಎಂದು ಅತ್ತಿದ್ದಳು. ಈ ಸಲವೂ ಅವಳು ಅಡುಗೆಮನೆ ಬಾಗಿಲಿಗೆ ಒರಗಿ ನನ್ನನ್ನೇ ನೋಡುತ್ತಿದ್ದಳು. ಹದಿನೈದು ವರ್ಷದವಳು, ಈಗ ಅಳಲಿಲ್ಲ. "ನಿನಗೆ ಹೆಂಗ್ ಬೇಕೋ ಹಂಗ್ ಮಾಡಮ್ಮ" ಅಂದಳು. ಅದು ಇನ್ನೂ ಕಷ್ಟವಾಯಿತು. ನಾನು ಕೈ ಹಿಂದಕ್ಕೆ ತೆಗೆದುಕೊಂಡು ಅನ್ನಕ್ಕೆ ಇಟ್ಟೆ.

ಶನಿವಾರ ಬೆಳಗ್ಗೆ ಅವರು ಬಂದರು.

ನಾನು ಜಗಲಿಯಲ್ಲಿ ಕೂತು ಒಂದು ಸಣ್ಣ ಮೋಟಾರಿನ ತಂತಿ ಕೀಳುತ್ತಿದ್ದೆ. ಯಾರೋ ಬಂದು ನಿಂತರು. ಚಪ್ಪಲಿ ನೋಡಿದೆ, ಗೊತ್ತಾಗಲಿಲ್ಲ. ತಲೆಯೆತ್ತಿದೆ. ಮೀಸೆ ಬೆಳ್ಳಗಾಗಿತ್ತು, ಕೆನ್ನೆ ಒಳಗೆ ಹೋಗಿತ್ತು, ಕೈಯಲ್ಲೊಂದು ಬಟ್ಟೆ ಚೀಲ. ನನ್ನ ಎದೆಯಿಂದ ಪ್ರಶ್ನೆ ಎದ್ದು ಗಂಟಲವರೆಗೆ ಬಂತು. ಅಷ್ಟರಲ್ಲಿ ಎದುರು ಜಗಲಿಯಿಂದ ಹನುಮಕ್ಕ, "ಏನ್ ತಿಪ್ಪೇಸ್ವಾಮಣ್ಣ, ಇವತ್ತು ಬಿಸಿಲು ಕಾಯ್ಸೋಕೆ ಹೊರಗ್ ಬಂದ್ಯಾ? ಒಳಗೇ ಇದ್ದೂ ಇದ್ದೂ ಸೊರಗಿದೀಯಾ ಕಣಪ್ಪಾ" ಅಂದಳು!

ಅವರು ತಬ್ಬಿಬ್ಬಾಗಿ ಹಲಗೆಯ ಕಡೆ ನೋಡಿದರು. ನೋಡಿದವರ ಮುಖ ನಿಧಾನವಾಗಿ ಸಡಿಲವಾಯಿತು. ಅದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. "ಹ್ಞೂಂ ಹನುಮಕ್ಕ, ಬಿಸಿಲು ಚೆನ್ನಾಗಿದೆ" ಎಂದು ಹೇಳಿ, ಹೊಸ್ತಿಲಲ್ಲಿ ನಿಲ್ಲದೆ, ಬಿಲ್ಲೆ ಮುಟ್ಟದೆ, ನನ್ನನ್ನು ದಾಟಿಕೊಂಡು ಸೀದಾ ಒಳಗೆ ಹೋಗಿ ತಮ್ಮ ಮಣೆಯ ಮೇಲೆ ಕೂತರು.

ಅಡುಗೆಮನೆಯಲ್ಲಿ ನಾನು ಹಲ್ಲು ಕಚ್ಚಿ ಕೇಳಿಯೇಬಿಟ್ಟೆ. "ಎಲ್ಲಿಗೆ ಹೋಗಿದ್ರಿ?"

"ಹಲಗೆ ನೋಡಿದ್ಯಾ?" ಎಂದು ನಕ್ಕರು. ಕೆಟ್ಟ ನಗುವಲ್ಲ ಅದು, ಬದುಕಿದೆಯಾ ಬಡಜೀವವೇ ಅನ್ನುವಂಥ ನಗು. "ದಾರಿಯುದ್ದಕ್ಕೂ ಏನ್ ಹೇಳ್ಲಿ, ಏನ್ ಹೇಳ್ಲಿ ಅಂತ ತಲೆ ಕೆಟ್ಟೋಗಿತ್ತು ವನಜ. ಇಷ್ಟು ಸುಲಭ ಅಂತ ಗೊತ್ತಿದ್ರೆ ಯಾವಾಗ್ಲೋ ಬಂದ್ಬಿಡ್ತಿದ್ದೆ."

ಸುಲಭ! ಕೈಯಲ್ಲಿದ್ದ ಸೌಟು ಅವರ ತಲೆಗೆ ಹಾಕುವಷ್ಟು ಸಿಟ್ಟು ಬಂತು. ಹಾಕಲಿಲ್ಲ. ಕನಕ ಬಾಗಿಲಲ್ಲಿ ನಿಂತಿದ್ದಳು. ಅವಳು ತನ್ನ ಅಪ್ಪನನ್ನು ಒಂದು ನಿಮಿಷ ನೋಡಿದಳು, ಹೊರಗೆ ಹೋಗಿ ತುಳಸಿಕಟ್ಟೆಯ ಹತ್ತಿರ ಕೂತಳು, ಕರೆದರೂ ಊಟಕ್ಕೆ ಬರಲಿಲ್ಲ.

ಎರಡು ದಿನ ನಮ್ಮ ಜಗಲಿಯಲ್ಲಿ ಜಾತ್ರೆ. ಬಂದವರೆಲ್ಲ, ನಮ್ಮ ಗಿರಣಿ ಮೋಟಾರು ಎಂಥಾ ಕಟ್ಟಿದ್ದೆ ಸ್ವಾಮಣ್ಣ, ನಮ್ಮ ಬೋರಿನದು ಏಳು ವರ್ಷ ಆಯ್ತು ಇನ್ನೂ ಮಿಸುಕಿಲ್ಲ, ಎಂದು ಬೆನ್ನು ತಟ್ಟುವವರೇ. ಅವರು ತಲೆ ತಗ್ಗಿಸಿ, "ಏನೋ ಕೈಲಾದ್ದು" ಅನ್ನುತ್ತಿದ್ದರು. ನಾನು ಒಳಗಿನಿಂದ ಕಾಫಿ ತಂದು ತಂದು ಕೊಟ್ಟೆ. ಪಂಪ್‌ಹೌಸಿನ ಸುದ್ದಿ ಹೇಳಿದಾಗ ಅವರಿಗೆ ಒಂದು ಕ್ಷಣ ಬೆವರಿತು. ಆಮೇಲೆ, "ನೀನೂ ಬಾ ಎಣಿಸೋಕೆ, ಮೊದಲಿನ ಹಾಗೆ" ಅಂದರು. ಮೊದಲಿನ ಹಾಗಂತೆ. ನಾನು ಆಗಲಿ ಅಂದೆ. ಆಗಲಿ ಅಂದದ್ದಕ್ಕೆ ಕಾರಣ ಬೇರೆ. ಪಂಪ್‌ಹೌಸು ಊರಿಂದ ಎರಡು ಮೈಲಿ. ಬೀಡಿ ಅಂಗಡಿಯ ಹಾಗಲ್ಲ. ಅಲ್ಲಿಗೆ ಹೋಗಬೇಕಾದರೆ ಅವರು ತಮ್ಮ ಕೈಯಾರೆ ಬಿಲ್ಲೆ ತಳ್ಳಲೇಬೇಕು. ಒಂಬತ್ತು ವರ್ಷ ತಡೆದವಳು ಎರಡು ದಿನ ತಡೆಯಲಾರೆನೇ?

ಸೋಮವಾರ ಹತ್ತು ಗಂಟೆಗೆ ಪಾಲಾಕ್ಷಯ್ಯ ಬಂದರು. ನಮ್ಮವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನನ್ನ ಸಾಮಾನಿನ ಪೆಟ್ಟಿಗೆ ಕೈಗೆ ತೆಗೆದುಕೊಂಡರು. ಅದನ್ನು ನಾನು ಕಿತ್ತುಕೊಂಡೆ. ಹಲಗೆಯ ಹತ್ತಿರ ಹೋಗಿ ಬಿಲ್ಲೆಗೆ ಹೆಬ್ಬೆರಳು ಕೊಟ್ಟರು. ಅಲ್ಲಾಡಲಿಲ್ಲ. ಇನ್ನೊಮ್ಮೆ ಒತ್ತಿದರು. ಟಕ್ ಎಂದು ಜಾರಿತು, ಅಂಟಿದ್ದ ಧೂಳು ಉದುರಿತು, ಬಿಲ್ಲೆಯ ಕೆಳಗೆ ಇಷ್ಟು ದಿನ ಬಿಸಿಲು ಕಾಣದ ಔಟ್ ಅನ್ನುವ ಅಕ್ಷರ ಹೊಸ ಬಣ್ಣದಲ್ಲಿ ಹೊಳೆಯಿತು. ಗುಮಾಸ್ತರು ಪುಸ್ತಕ ತೆಗೆದು ಬರೆದುಕೊಳ್ಳುತ್ತಾ, "ಪರವಾಗಿಲ್ಲಪ್ಪ, ಒಂಬತ್ತು ವರ್ಷದಲ್ಲಿ ಇದೇ ಮೊದಲ್ನೇ ಸಲ ನೀನು ಔಟ್ ಆಗಿದ್ದು" ಅಂದರು. ನಾನೂ ನನ್ನ ಬಿಲ್ಲೆ ತಳ್ಳಿ ಹಿಂದೆ ನಡೆದೆ.

ಪಂಪ್‌ಹೌಸಿನಲ್ಲಿ ನೀರಿಗಾಗಿ ಪೇಚಾಡುತ್ತಿದ್ದ ಜನವೆಲ್ಲ ಸೇರಿತ್ತು. ಮೋಟಾರು ನಮ್ಮ ಮನೆಯ ಬೀರುವಿನಷ್ಟಿತ್ತು. ಬಿಚ್ಚಿಟ್ಟಿದ್ದರು, ಸುಟ್ಟ ತಂತಿಯ ಕಮಟು ಬಡಿಯುತ್ತಿತ್ತು. ನಮ್ಮವರು ಅದರ ಮುಂದೆ ಕುಕ್ಕರಗಾಲಲ್ಲಿ ಕೂತರು. ತಂತಿಯ ಸುರುಳಿ ತೆಗೆದುಕೊಂಡರು, ತಿರುವಿ ನೋಡಿದರು, ಕೆಳಗಿಟ್ಟರು. ಅವರ ಬೆರಳು ನೋಡಿದೆ. ಮೆತ್ತಗಿದ್ದವು, ಒಂದು ಗಾಯದ ಗುರುತೂ ಇರಲಿಲ್ಲ. ಮುಂಗೈಯಲ್ಲಿ ಎಣ್ಣೆ ಸಿಡಿದ ಕಲೆಗಳಿದ್ದವು.

"ಎಷ್ಟು ಸುತ್ತು?" ಎಂದು ಸಣ್ಣಗೆ ನನ್ನನ್ನು ಕೇಳಿದರು.

"ನೀವೇ ಹೇಳಿ" ಅಂದೆ, ಎಲ್ಲರಿಗೂ ಕೇಳುವ ಹಾಗೆ.

ಅವರು ತಂತಿ ನೋಡಿದರು, ಮೋಟಾರು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಆಗಲೂ ಒಂದು ಸುಳ್ಳು ಹೇಳಬಹುದಿತ್ತು. ಕೈನೋವು ಅಂದಿದ್ದರೂ ಜನ ನಂಬುತ್ತಿದ್ದರು. ಅವರು ಎದ್ದು ನಿಂತು ಪಾಲಾಕ್ಷಯ್ಯನವರ ಕಡೆ ತಿರುಗಿ, "ಗೊತ್ತಿಲ್ಲ ಗುಮಾಸ್ತರೇ. ಇದು ನಂಗೆ ಬರಲ್ಲ" ಎಂದರು. ಔಟ್ ಆದದ್ದಕ್ಕೋ ಏನೋ ಅವರಿಗೆ ಬಾಯಿ ಬಂದಿತ್ತು.

"ಮತ್ತೆ ಇಷ್ಟು ವರ್ಷ ಕಟ್ಟಿದ್ಯಾರು?" ಎಂದು ಪಾಲಾಕ್ಷಯ್ಯ ಕೇಳಿದರು.

ನಾನು ಅಷ್ಟರಲ್ಲಿ ಸೆರಗು ಸಿಕ್ಕಿಸಿ ಕೂತು ಸುತ್ತತೊಡಗಿದ್ದೆ. ಸುತ್ತುವಾಗ ಮಾತಾಡುವಂತಿಲ್ಲ, ಎಣಿಕೆ ತಪ್ಪಿದರೆ ಎಲ್ಲಾ ಬಿಚ್ಚಬೇಕು. ಗುಮಾಸ್ತರು ಇನ್ನೊಮ್ಮೆ ಕೇಳಿದರು. ಹದಿನೇಳು, ಹದಿನೆಂಟು, ಹತ್ತೊಂಬತ್ತು ಎಂದು ನಾನು ಜೋರಾಗಿಯೇ ಎಣಿಸಿದೆ. ಅವರು ಪುಸ್ತಕ ಮುಚ್ಚಿ ಪಕ್ಕದ ಕಲ್ಲಿನ ಮೇಲೆ ಕೂತರು, ಕೂತವರು ಸಂಜೆಯವರೆಗೆ ಏಳಲಿಲ್ಲ. ನಮ್ಮವರು ಯಾವಾಗ ಎದ್ದು ಹೋದರೋ ನಾನು ನೋಡಲಿಲ್ಲ.

ಸುತ್ತುವುದಕ್ಕೆ ಎರಡು ದಿನ, ವಾರ್ನಿಷ್ ಒಣಗುವುದಕ್ಕೆ ಒಂದು ದಿನ. ಪಂಪ್‌ಹೌಸಿನ ವಾಚ್‌ಮನ್ನನ ಹೆಂಡತಿ ಊಟ ಕೊಟ್ಟಳು, ಅಲ್ಲೇ ಮಲಗಿದೆ. ಬುಧವಾರ ಸಂಜೆ ನಾಲ್ಕಕ್ಕೆ ಸ್ವಿಚ್ ಹಾಕಿದಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಮೋಟಾರು ಒಮ್ಮೆ ಗುರ್ ಎಂದಿತು, ಆಮೇಲೆ ಒಂದೇ ಶ್ರುತಿಯಲ್ಲಿ ಹಾಡಿತು. ಪೈಪಿನೊಳಗೆ ನೀರು ಏರುವ ಸದ್ದು ಕೇಳಿ ಹೆಂಗಸರು ಕೊಡ ಎತ್ತಿಕೊಂಡು ಊರ ಕಡೆ ಓಡಿದರು. ಪಾಲಾಕ್ಷಯ್ಯ ಪೆನ್ನಿನ ಕ್ಯಾಪ್ ತೆಗೆದು, "ಹೆಸರು ಹೇಳಮ್ಮ" ಎಂದರು. ಇಪ್ಪತ್ತು ವರ್ಷದಿಂದ ಪ್ರತಿ ಮಂಗಳವಾರ ನನ್ನ ಹೆಸರು ಓದುವ ಮನುಷ್ಯ.

"ವನಜಾಕ್ಷಿ" ಅಂದೆ.

ಮನೆಗೆ ಬರುವ ಹೊತ್ತಿಗೆ ಬೀದಿಯ ನಲ್ಲಿಗಳೆಲ್ಲ ಸುರಿಯುತ್ತಿದ್ದವು. ಬಾಗಿಲಲ್ಲಿ ಕನಕ ನಿಂತಿದ್ದಳು. ಜಗಲಿಯ ತುದಿಯಲ್ಲಿ, ಕಂಬಕ್ಕೊರಗಿ, ಅದೇ ಇಸ್ತ್ರಿ ಅಂಗಿಯಲ್ಲಿ ಅವರು ಕೂತಿದ್ದರು. ಅಂಗಿ ಮುದುರಿ ಹೋಗಿತ್ತು. ಹಲಗೆಯಲ್ಲಿ ಅವರ ಹೆಸರಿನ ಮುಂದೆ ಔಟ್ ಹಾಗೇ ಇತ್ತು.

ನಾನು ಹೊಸ್ತಿಲ ಆಚೆ ನಿಂತೆ. ಕನಕ ಬೀದಿಗೆಲ್ಲ ಕೇಳುವ ಹಾಗೆ, "ಎಲ್ಲಿಗೆ ಹೋಗಿದ್ದೆ ಅಮ್ಮ?" ಎಂದಳು.

"ಪಂಪ್‌ಹೌಸಿಗೆ. ಮೋಟಾರು ಕಟ್ಟೋಕೆ."

ಎದುರು ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದ ಹನುಮಕ್ಕನ ಮೊರ ನಿಂತಿತು. ನಾನು ಬಿಲ್ಲೆ ತಳ್ಳಿ ಒಳಗೆ ಬಂದೆ. ಕನಕ ನನ್ನ ಕಿವಿಯ ಹತ್ತಿರ ಬಂದು, "ಅಪ್ಪ ಮೂರು ದಿನದಿಂದ ಅಲ್ಲೇ ಇದಾರಮ್ಮ. ಹಲಗೆ ಮುಟ್ಟಿಲ್ಲ. ನಾನೂ ಕೇಳ್ಲಿಲ್ಲ, ನೀನೇ ಕೇಳ್ಬೇಕು ಅಂತ" ಎಂದಳು. ಅವಳ ತಲೆ ಸವರಿದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ಸಾರ್ಥಕ ಅನ್ನಿಸಿತು.

ಮುಖ ತೊಳೆದುಕೊಂಡೆ. ಸೆರಗು ಸರಿ ಮಾಡಿಕೊಂಡು ಹೊಸ್ತಿಲಿಗೆ ಬಂದೆ. ಅವರು ಎದ್ದು ಬಂದು ಆಚೆ ನಿಂತರು. ಒಂಬತ್ತು ವರ್ಷದಿಂದ ಈ ಪ್ರಶ್ನೆಯನ್ನು ಎಷ್ಟು ಬಗೆಯಲ್ಲಿ ಕೇಳಲು ಸಿದ್ಧ ಮಾಡಿಕೊಂಡಿದ್ದೆ! ಕಿರುಚಿ, ಅತ್ತು, ಕೊರಳಪಟ್ಟಿ ಹಿಡಿದು. ಬಾಯಿಗೆ ಬಂದದ್ದು ಎಲ್ಲರ ಮನೆಯ ಹಾಗೆ ಸಾದಾ ಮಾತು.

"ಎಲ್ಲಿಗೆ ಹೋಗಿದ್ರಿ?"

"ಬೀಡಿ ತರೋಕೆ" ಅಂದರು. ನಾನು ನಗಲಿಲ್ಲ. ಅವರೇ ಮುಂದುವರಿಸಿದರು. "ಅಂಗಡಿ ಬಾಗ್ಲು ಹಾಕಿತ್ತು. ಮುಂದಿನ ಬೀದಿ ಅಂಗಡಿಗೆ ಹೋದೆ. ಅದರ ಮುಂದಿನ್ದಕ್ಕೂ ಹೋದೆ. ನಡೀತಾ ಇರೋದು ಹಿತವಾಗಿತ್ತು ವನಜ. ಸುಳ್ಳು ಹೇಳಲ್ಲ. ಒಂದು ಲಾರಿ ಸಿಕ್ತು, ಹತ್ತಿದೆ. ದೂರದ ಊರಲ್ಲಿ ಹೋಟ್ಲಲ್ಲಿ ದೋಸೆ ಹಾಕ್ಕೊಂಡಿದ್ದೆ."

"ನನ್ನ ನೆನಪಾಗ್ಲಿಲ್ವ? ಈ ಮಗು?"

"ಆಯ್ತು. ಎಂಟು ತಿಂಗ್ಳಾದ್ಮೇಲೆ ವಾಪಸ್ ಬಂದೆ. ಇಲ್ಲೇ, ಆ ಮೂಲೆವರ್ಗೂ ಬಂದೆ. ಹಲಗೇಲಿ ನನ್ನ ಹೆಸ್ರು ಇನ್ ಇತ್ತು. ಒಳಗಿಂದ ಸುತ್ತಿಗೆ ಸದ್ದು ಬರ್ತಿತ್ತು. ಗಿರಣಿಯವ್ನು ಹೊರಗ್ ಬಂದು, ತಿಪ್ಪೇಸ್ವಾಮಿ ಕೈ ಎಂಥಾ ಪಳಗಿದೆ ಅಂತ ಯಾರಿಗೋ ಹೇಳ್ತಿದ್ದ. ಒಳಗೆ ಒಬ್ಬ ತಿಪ್ಪೇಸ್ವಾಮಿ ಇದ್ದ, ನನಗಿಂತ ಚೆನ್ನಾಗಿ ಕೆಲ್ಸ ಮಾಡ್ತಿದ್ದ. ನಾನು ಯಾರು ಅಂತ ಹೇಳ್ಕೊಂಡು ಬರ್ಲಿ? ಹಂಗೇ ತಿರುಗಿ ಹೋದೆ."

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಆ ಮೂಲೆಯಿಂದ ನಮ್ಮ ಬಾಗಿಲಿಗೆ ಮೂವತ್ತು ಹೆಜ್ಜೆ. ಒಳಗೆ ಸುತ್ತಿಗೆ ಬಡಿಯುತ್ತಿದ್ದವಳು ನಾನು. ನಾನು ಇನ್ನಷ್ಟು ಕೆಟ್ಟದಾಗಿ ಕೆಲಸ ಮಾಡಿದ್ದರೆ, ಆ ಮೂರನೇ ಮೋಟಾರೂ ಸುಟ್ಟಿದ್ದರೆ, ಅವರು ಅವತ್ತೇ ಬಂದುಬಿಡುತ್ತಿದ್ದರೇನೋ. ಅಯ್ಯೋ, ಅದಕ್ಕಾಗಿ ನಾನು ಮರುಗಬೇಕೇ? ಇಲ್ಲ. ಮರುಗಲಿಲ್ಲ. ಅತ್ತದ್ದು ನಿಜ. ಬೀದಿಯ ಎದುರೇ ಗಳಗಳ ಅತ್ತೆ, ಬೈದೆ, ಹೇಡಿ ಅಂದೆ, ಇನ್ನೂ ಏನೇನೋ ಅಂದೆ. ಅವರು ಒಂದಕ್ಕೂ ಎದುರಾಡದೆ ನಿಂತು ಕೇಳಿದರು. ಹನುಮಕ್ಕ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳಿಂದ ನನಗೆ ಸಿಕ್ಕ ಮೊದಲ ಮರ್ಯಾದೆ ಅದು.

ನನ್ನ ದನಿ ಸೋತ ಮೇಲೆ ಅವರು ಪದ್ಧತಿಯಂತೆ ಹಲಗೆಯ ಕಡೆ ಕೈ ಚಾಚಿದರು. ಪ್ರಶ್ನೆ ಕೇಳಿಯಾಗಿತ್ತು, ಉತ್ತರವೂ ಬಂದಿತ್ತು, ಇನ್ನು ಬಿಲ್ಲೆ ತಳ್ಳಿ ಒಳಗೆ ಬರುವುದಷ್ಟೇ.

"ಬೇಡ" ಅಂದೆ. "ಇವತ್ತು ಬೇಡ. ಅದು ಹಾಗೇ ಇರ್ಲಿ."

ಅವರ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಕೆಳಗಿಳಿಯಿತು. ಹೋಗಿ ಮತ್ತೆ ಕಂಬದ ಹತ್ತಿರ ಕೂತರು.

ರಾತ್ರಿಯ ಅಡುಗೆಗೆ ಮುದ್ದೆ, ಹುರುಳಿಕಾಳಿನ ಸಾರು ಮಾಡಿದೆ. ಕನಕ ಅಭ್ಯಾಸಬಲದಿಂದ ಮೂರು ಮಣೆ ಹಾಕಿದ್ದವಳು, ನನ್ನ ಮುಖ ನೋಡಿ ಒಂದನ್ನು ತೆಗೆದು ಗೋಡೆಗೆ ಒರಗಿಸಿದಳು. ಒಂಬತ್ತು ವರ್ಷದಲ್ಲಿ ಮೊದಲ ಸಲ ನಾವಿಬ್ಬರೇ ಇದ್ದಾಗ ಎರಡೇ ತಟ್ಟೆ ಬಿತ್ತು. ಇಬ್ಬರೂ ಹೊಟ್ಟೆ ತುಂಬ ಉಂಡೆವು. ಆಮೇಲೆ ಮೂರನೇ ತಟ್ಟೆಗೆ ಬಡಿಸಿ, ಮೇಲೊಂದು ತಟ್ಟೆ ಮುಚ್ಚಿ, ಹೊರಗೆ ಜಗಲಿಗೆ ಒಯ್ದು ಅವರ ಮುಂದಿಟ್ಟೆ.